ಉಪವಾಸಕ್ಕೆ ಬಂದ ಪುಡಿ

ಕುಯ್ಗಾರಕ್, ಅಲಾಸ್ಕ
ಫೆಬ್ರುವರಿ 9, 2015

ಸೋದರಮಾವನ ಮಗನಾಗಿ ಹುಟ್ಟಿ ನನ್ನ ತಲೆ ತಿನ್ನುತ್ತಿರುವ ಮಕಾರನಿಗೆ,

ನಿನ್ನ ಫೋಟೊ ಬಂತು. ಆಂಕರೇಜಿನ ಊಟ ಮೈಗೆ ಚೆನ್ನಾಗಿ ಹಿಡಿದಿದೆ. ಅಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿ, "ಈ ವಾಲ್ರಸ್ಸಿಗೆ ಯಾರೋ ಟೋಪಿ ಹಾಕಿದ್ದು?" ಎಂದು ಕೇಳಿದಳು. ಸುಳ್ಳು. ಕೇಳಿದವನು ನಾನು. ಅಮ್ಮ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು.

ಫೋನ್ ಮಾಡು ಎಂದು ಬರೆದಿದ್ದೀಯ. ಮಾಡುವುದಿಲ್ಲ. ನಮ್ಮೂರಿನ ಫೋನಿನ ಮಾತು ಆಕಾಶದ ಉಪಗ್ರಹಕ್ಕೆ ಹೋಗಿ ಇಳಿದು ಬರಬೇಕು. ನಾನು ಛೇಡಿಸಿದ್ದು ನಿನಗೆ ಮುಟ್ಟಿ ನೀನು ನಗುವ ಹೊತ್ತಿಗೆ ನಾನು ಬೇರೆ ಮಾತಿಗೆ ಹೋಗಿರುತ್ತೇನೆ. ಅತ್ತೆಯ ಮಗ, ಮಾವನ ಮಗ ಎಂದಮೇಲೆ ಒಬ್ಬರನ್ನೊಬ್ಬರು ಛೇಡಿಸದೆ ಇರುವುದು ಅಗೌರವ ಎಂದು ಅಜ್ಜ ನಮ್ಮಿಬ್ಬರನ್ನೂ ಎದುರುಬದುರು ಕೂರಿಸಿ ಕಲಿಸಿದ್ದು. ಅದನ್ನು ಅರೆಬರೆ ಮಾಡಲು ನನಗೆ ಮನಸ್ಸಿಲ್ಲ. ಕಾಗದದಲ್ಲಾದರೆ ಬಾಯಿ ತುಂಬ ಮಾಡಬಹುದು.

ಈಗ ವಿಷಯ. ಮೇ ತಿಂಗಳಿಗೆ ನಿನ್ನ ಗಡೀಪಾರಿನ ಎರಡು ವರ್ಷ ಮುಗಿಯುತ್ತದೆ. ನದಿಯ ಮಂಜುಗಡ್ಡೆ ಒಡೆದ ಮೇಲೆ ಪಂಚಾಯಿತಿ ಸೇರಿ, ನಿನ್ನನ್ನು ಊರಿಗೆ ಬಿಟ್ಟುಕೊಳ್ಳಬೇಕೋ ಬೇಡವೋ ಎಂದು ಕೈಯೆತ್ತಿ ತೀರ್ಮಾನಿಸುತ್ತದೆ. ಐವರಲ್ಲಿ ನಾನೊಬ್ಬ, ಅಗಾಫಿಯಕ್ಕ ಒಬ್ಬಳು. ಉಳಿದ ಮೂವರು ಅವಳ ಮುಖ ನೋಡಿ ಕೈಯೆತ್ತುವವರು. ಅವಳ ಮನಸ್ಸು ಹೇಗಿದೆ ಎಂದು ನಿನಗೆ ಹೇಳಬೇಕಾಗಿಲ್ಲ. ಹನಿ ಹೆಂಡಕ್ಕೂ ಜಾಗವಿಲ್ಲದ ಊರಿಗೆ ನೀನು ಒಣಮೀನಿನ ಚೀಲದಲ್ಲಿ ವಿಸ್ಕಿ ತಂದು ಮಾರಿದೆ. ಅವಳ ಮಗ ಎವಾನ್ ಅದನ್ನು ಕುಡಿದು, ಹಿಮದಲ್ಲಿ ಬಿದ್ದು, ಒಂದು ಪಾದ ಕಳೆದುಕೊಂಡ. ಈಗ ಆಸ್ಪತ್ರೆಯವರು ಕೊಟ್ಟ ಪಾದದಲ್ಲಿ ನಡೆಯುತ್ತಾನೆ, ಗಾಡಿ ಓಡಿಸುತ್ತಾನೆ. ಆದರೆ ಅವಳು ನಿನ್ನ ಹೆಸರನ್ನು ಇವತ್ತಿನವರೆಗೂ ಬಾಯಲ್ಲಿ ಎತ್ತಿಲ್ಲ.

ಆದ್ದರಿಂದ ಮೇ ತನಕ ಮನುಷ್ಯನ ಹಾಗೆ ಇರು. ನಿನಗೆ ಕಷ್ಟ, ಗೊತ್ತು.

ಈ ತಿಂಗಳ ಕೊನೆಗೆ ನಮ್ಮ ಆರ್ಥೊಡಾಕ್ಸ್ ಚರ್ಚಿನ ಈಸ್ಟರಿನ ದೊಡ್ಡ ಉಪವಾಸ ಶುರು, ಏಪ್ರಿಲ್ 12ರ ಹಬ್ಬದ ತನಕ ಹಾಲು ಮುಟ್ಟುವಂತಿಲ್ಲ. ಹಾಲಿಲ್ಲದ ಚಹಾ ನೆನೆಸಿಕೊಂಡು ಅಮ್ಮ ಈಗಿನಿಂದಲೇ ಗೊಣಗುತ್ತಿದ್ದಾಳೆ.

ಎಲ್ಲ ವಿಷಯದಲ್ಲೂ ನಿನಗಿಂತ ಮೇಲಾದ ಭಾವ,
ಗೋಲ್ಗ


ಆಂಕರೇಜ್
ಮಾರ್ಚ್ 16, 2015

ಸೀಲ್ ಎಂದುಕೊಂಡು ತೇಲುವ ದಿಮ್ಮಿಗೆ ಗುಂಡು ಹೊಡೆಯುವ ನನ್ನ ಭಾವನಿಗೆ,

ನೀನು ಪಂಚಾಯಿತಿಯಲ್ಲಿ ಕೂರುತ್ತೀಯ ಎಂದರೆ ನನ್ನ ಜೊತೆಯವರು ನಂಬುವುದಿಲ್ಲ. ನಿನ್ನ ಫೋಟೊ ತೋರಿಸಿದ ಮೇಲಂತೂ ನಂಬುವುದೇ ಇಲ್ಲ.

ನಾನು ಚೆನ್ನಾಗಿದ್ದೇನೆ. ಹೋಟೆಲಿನ ಲಾಂಡ್ರಿಯಲ್ಲಿ ಚಾದರ ಮಡಚುತ್ತೇನೆ, ಸಂಜೆ ನಾನಿರುವ, ಕುಡಿತ ಬಿಟ್ಟವರು ಒಟ್ಟಿಗೆ ಬಾಳುವ ಮನೆಗೆ ಬಂದು ಪಾತ್ರೆ ತೊಳೆಯುತ್ತೇನೆ. ಇಲ್ಲಿ ಈಗ ಎಲ್ಲರ ಬಾಯಲ್ಲೂ ಒಂದೇ ಮಾತು, ಪುಡಿ ಹೆಂಡ. ನಿಮ್ಮಲ್ಲೂ ಟಿವಿಯಲ್ಲಿ ಬಂದಿರಬೇಕು. ಪೊಟ್ಟಣ ಹರಿದು ನೀರಿಗೆ ಸುರಿದು ಕಲಸಿದರೆ ಮದ್ಯವಂತೆ. ಹೋದ ವಾರ ವಾಷಿಂಗ್ಟನ್ನಿನವರು ಒಪ್ಪಿಗೆ ಕೊಟ್ಟಿದ್ದಾರೆ. ಬೇಡ ಬೇಡ ಎಂದು ಒಂದೊಂದೇ ರಾಜ್ಯ ಕೂಗುತ್ತಿದೆ. ನಮ್ಮ ರಾಜ್ಯದಲ್ಲಿ ಎಷ್ಟೋ ವರ್ಷದ ಹಿಂದೆಯೇ ನಿಷೇಧವಾಗಿದೆ, ಆದರೂ ಇಲ್ಲಿ ಊಟದ ಮೇಜಿನ ಮೇಲೆ ದಿನವೂ ಜಗಳ. ಬೆಟ್ಟ ಹತ್ತುವ ಹುಚ್ಚಿನವನೊಬ್ಬನಿದ್ದಾನೆ. ಅವನು ಹೇಳುತ್ತಾನೆ, "ಬೆಟ್ಟಕ್ಕೆ ಬಾಟ್ಲಿ ಹೊರೋಕಾಗುತ್ತಾ? ದೊಡ್ಡವರು ಏನು ಕುಡೀತಾರೋ ಅವರಿಷ್ಟ. ಸರ್ಕಾರಕ್ಕೇನಪ್ಪಾ ಅದರಲ್ಲಿ ಕೆಲಸ?" ಅಡುಗೆಯವಳು ಸೌಟು ಕುಕ್ಕಿ, "ನಿನ್ನ ಬೆಟ್ಟ ಹಾಳಾಗಿಹೋಗ್ಲಿ, ನನ್ನ ಮಗಳು ಅದನ್ನ ಸ್ಕೂಲ್ ಬ್ಯಾಗಲ್ಲಿ ಇಟ್ಕೊಂಡ್ ಹೋದ್ರೆ ಯಾರಿಗೆ ಗೊತ್ತಾಗುತ್ತೆ?" ಎನ್ನುತ್ತಾಳೆ. ಕುಡಿತ ಬಿಟ್ಟವರೆಲ್ಲ ಸೇರಿ ಕುಡಿತದ ಬಗ್ಗೆಯೇ ಮಾತಾಡಿ ಮಲಗುತ್ತೇವೆ.

ನಾನು ಅಡುಗೆಯವಳ ಕಡೆ. ಬಾಟಲಿಗೆ ತೂಕವಿದೆ, ಸದ್ದಿದೆ, ಒಡೆದರೆ ವಾಸನೆಯಿದೆ. ನಾನು ಸಿಕ್ಕಿಬಿದ್ದದ್ದೇ ಹಾಗೆ. ಆವತ್ತು ಈ ಪುಡಿ ಇದ್ದಿದ್ದರೆ ನಾನು ಸಿಕ್ಕಿಬೀಳುತ್ತಲೇ ಇರಲಿಲ್ಲ. ಎವಾನನ ಜೊತೆ ಇನ್ನೂ ಎಷ್ಟು ಜನ ಹಿಮದಲ್ಲಿ ಬೀಳುತ್ತಿದ್ದರೋ, ನೆನೆಸಿಕೊಂಡರೆ ನಿದ್ದೆ ಬರುವುದಿಲ್ಲ.

ಅದಿರಲಿ. ಅತ್ತೆಯ ಉಪವಾಸದ ಗೊಣಗಾಟಕ್ಕೆ ಒಂದು ಮದ್ದು ಸಿಕ್ಕಿದೆ. ನನ್ನ ಜೊತೆ ಚಾದರದ ಆ ತುದಿ ಹಿಡಿಯುವ ಲಿಗಾಯ ಎಂಬ ಫಿಲಿಪ್ಪೀನ್ಸಿನ ಹೆಂಗಸು ಕೊಟ್ಟಳು. ಏನೆಂದು ಹೇಳುವುದಿಲ್ಲ. ಚಹಾಕ್ಕೆ ಹಾಕಿಕೊಂಡು ಅತ್ತೆ ಬಾಯಿ ಚಪ್ಪರಿಸಿದಳೋ ಇಲ್ಲವೋ, ಅದಷ್ಟನ್ನೇ ಬರೆ. ಪಾರ್ಸೆಲ್ ನಿನ್ನ ಹೆಸರಿಗೇ ಹಾಕಿದ್ದೇನೆ, ಒಳಗೆ ನಿನಗೂ ಒಂದು ಚೀಟಿ ಇದೆ.

ಊರಿನ ವಾಸನೆಗೆ ಹಾತೊರೆಯುತ್ತಿರುವ,
ಮಕಾರ್


ಕುಯ್ಗಾರಕ್
ಏಪ್ರಿಲ್ 6, 2015

ಶ್ರೀ ಮಕಾರ್ ಅವರಿಗೆ,

ಪಂಚಾಯಿತಿಯ ಸದಸ್ಯನಾಗಿ ಈ ಪತ್ರ ಬರೆಯುತ್ತಿದ್ದೇನೆ.

ನೀವು ಕಳಿಸಿದ ಪಾರ್ಸೆಲ್ ತಲುಪಿದೆ. ಸದಸ್ಯರು ತಮಗೆ ಬಂದ ಪಾರ್ಸೆಲ್ಲನ್ನು ವಿಮಾನ ಇಳಿಯುವ ಜಾಗದಲ್ಲೇ ಎಲ್ಲರ ಮುಂದೆ ಬಿಚ್ಚಬೇಕೆಂಬ ಹೊಸ ನಿಯಮದಂತೆ ಅದನ್ನು ಬಿಚ್ಚಲಾಯಿತು. ಹೆಸರಿಲ್ಲದ ಪ್ಲಾಸ್ಟಿಕ್ ಚೀಲವೊಂದರಲ್ಲಿ ಬಿಳಿ ಪುಡಿ ಇತ್ತು. ಜೊತೆಗಿದ್ದ ಚೀಟಿಯನ್ನು ಊರ ಕಾವಲು ಅಧಿಕಾರಿ ಟ್ರೆಂಟ್ ಅವರು ಗಟ್ಟಿಯಾಗಿ ಓದಿದರು. ಅದರಲ್ಲಿ, "ಭಾವ, ಟಿವಿಯಲ್ಲಿ ಹೇಳ್ತಾರಲ್ಲ, ಆ ಪುಡಿ ಇದೇ. ಒಂದು ಚಮಚ ಸಾಕು. ಎರಡು ಹಾಕ್ಕೊಂಡ್ರೆ ನಿಂಗೂ ಚರ್ಚಲ್ಲಿ ನೆಟ್ಟಗೆ ಹಾಡೋಕೆ ಬರುತ್ತೆ" ಎಂದು ನಿಮ್ಮ ಕೈಬರಹದಲ್ಲಿತ್ತು.

ಅದು ಹಾಲಿನ ಪುಡಿ ಇರಬಹುದು ಎಂದು ಒಬ್ಬರು ಹೇಳಿದರು. ದೊಡ್ಡ ಉಪವಾಸದಲ್ಲಿ ನಮ್ಮೂರಿನವರು ಯಾರೂ ಯಾರಿಗೂ ಹಾಲಿನ ಪುಡಿ ಕಳಿಸುವುದಿಲ್ಲವಾದ್ದರಿಂದ ಅದು ಹಾಲಿನ ಪುಡಿಯಲ್ಲ ಎಂದು ಸಭೆ ತೀರ್ಮಾನಿಸಿತು. ಅದಕ್ಕೊಂದು ಸಿಹಿ ವಾಸನೆಯಿದೆ. ಪುಡಿ ಮದ್ಯಕ್ಕೆ ಹಣ್ಣಿನ ವಾಸನೆ ಸೇರಿಸಿರುತ್ತಾರೆ ಎಂದು ಅಧಿಕಾರಿಗಳು ಓದಿದ್ದಾರಂತೆ. ಒಂದು ಚಿಟಿಕೆಯನ್ನು ಪರೀಕ್ಷೆಗೆ ಬೆತೆಲ್ ಪಟ್ಟಣಕ್ಕೆ ಕಳಿಸಿದ್ದಾರೆ.

ನಿಮ್ಮ ಪರವಾಗಿ ನಾನು ನಿಮ್ಮ ಮಾರ್ಚ್ 16ರ ಪತ್ರವನ್ನು ಸಭೆಯಲ್ಲಿ ಓದಿದೆ. ಈ ಪುಡಿ ಇದ್ದಿದ್ದರೆ ಸಿಕ್ಕಿಬೀಳುತ್ತಿರಲಿಲ್ಲ ಎಂಬ ಸಾಲನ್ನು ಸಭೆ ಎರಡನೆಯ ಸಲ ಓದಿಸಿತು.

ಪುಡಿ ಏನೆಂದು ನೀವು ಬರೆದು ತಿಳಿಸಬೇಕು. ನಿಮ್ಮ ವಿಷಯ ತೀರ್ಮಾನವಾಗುವ ತನಕ ನಾನು ನಿಮಗೆ ಖಾಸಗಿಯಾಗಿ ಬರೆಯಬಾರದೆಂದು ಸಭೆ ಹೇಳಿದೆ.

ಅಮ್ಮ ಕ್ಷೇಮ.

ಗೋಲ್ಗ
ಸದಸ್ಯ


ಆಂಕರೇಜ್
ಏಪ್ರಿಲ್ 14, 2015

ಸದಸ್ಯರಾದ ಶ್ರೀ ಗೋಲ್ಗ ಅವರಿಗೆ,

ನಿಮ್ಮ ಪತ್ರ ಈಸ್ಟರಿನ ಹಿಂದಿನ ದಿನ ಸಿಕ್ಕಿತು. ಹಬ್ಬದ ದಿನ ಚರ್ಚಿಗೆ ಹೋಗಲಿಲ್ಲ. ಹೋದರೆ ಯಾರಾದರೂ ಊರಿನ ಸುದ್ದಿ ಕೇಳುತ್ತಿದ್ದರು.

ಎರಡು ವರ್ಷದ ಹಿಂದೆ ನನ್ನನ್ನು ವಿಮಾನ ಹತ್ತಿಸಿದ ದಿನ ಊರಿಗೆ ಊರೇ ಬಾಯಿ ಮುಚ್ಚಿಕೊಂಡು ನಿಂತಿತ್ತು. ನೀವೊಬ್ಬರೇ ಹಿಂದಿನಿಂದ ಕೂಗಿದಿರಿ. "ಮಕಾರ್, ಪ್ಯಾಂಟು ಹಿಂದ್ಗಡೆ ಹರಿದಿದೆ ಕಣೋ, ಆಂಕರೇಜಿನವರು ಊರಿನ ಮಾನ ನೋಡ್ಬಿಡ್ತಾರೆ!" ಆ ಮಾತಿನ ಬಲದ ಮೇಲೆ ನಾನು ಇಲ್ಲಿ ಬದುಕಿದೆ. ಊರು ನನ್ನನ್ನು ಹೊರಗೆ ಹಾಕಿರಬಹುದು, ಛೇಡಿಸಲು ಒಬ್ಬ ಭಾವ ಇದ್ದಾನೆ, ಅಂದರೆ ನಾನಿನ್ನೂ ಆ ಊರಿನವನೇ ಎಂದುಕೊಂಡಿದ್ದೆ.

ಪುಡಿ ಏನೆಂದು ಬರೆಯುವುದಿಲ್ಲ. ಅಧಿಕಾರಿ ಕೇಳಿದ್ದರೆ ಬರೆಯುತ್ತಿದ್ದೆ, ಅವನು ನನ್ನನ್ನು ಕಂಡವನಲ್ಲ. ಕೇಳಿದವರು ನೀವು.

ಮೇ ತಿಂಗಳಲ್ಲಿ ನನ್ನ ವಿಷಯ ಎತ್ತುವ ತೊಂದರೆ ತೆಗೆದುಕೊಳ್ಳಬೇಡಿ. ಇಲ್ಲೇ ಇದ್ದುಬಿಡುತ್ತೇನೆ. ಎರಡು ರಸ್ತೆ ಆಚೆ ಒಂದು ಅಂಗಡಿಯಿದೆ. ಅಲ್ಲಿ ಯಾವ ಬಾಟಲಿ ಬೇಕು ಎನ್ನುವುದನ್ನು ಬಿಟ್ಟು ಬೇರೇನನ್ನೂ ಕೇಳುವುದಿಲ್ಲ.

ಅತ್ತೆಗೆ ನಮಸ್ಕಾರ ಹೇಳಿ.

ಮಕಾರ್


ಕುಯ್ಗಾರಕ್
ಮೇ 18, 2015

ಮಕಾರ,

ನಿನ್ನೆ ಪಂಚಾಯಿತಿ ಸೇರಿತು. ಊರಿಗೆ ಬಾ. ಐದು ಕೈಯೂ ಎದ್ದವು. ಇದನ್ನು ಮೊದಲು ಓದಿಕೊಂಡು ಕೂತು ಒಂದು ಲೋಟ ನೀರು ಕುಡಿ. ಉಳಿದದ್ದನ್ನು ಆಮೇಲೆ ಓದು.

ನಿನ್ನ ಕಾಗದ ಓದಿದ ದಿನವೇ ನಾನು ಪಂಚಾಯಿತಿಯ ಮಾತು ಮೀರಿ ನಿನ್ನ ಮನೆಗೆ ಫೋನ್ ಮಾಡಿದೆ. ಯಾರೋ ಎತ್ತಿ, "ಮಕಾರ್ ಎರಡು ದಿನದಿಂದ ಬಂದಿಲ್ಲ" ಎಂದರು. ಆ ಮಾತು ಆಕಾಶಕ್ಕೆ ಹೋಗಿ ಬಂದು ನನ್ನ ಕಿವಿಗೆ ಬೀಳುವಷ್ಟರಲ್ಲಿ ನನಗೆ ಗೊತ್ತಾಗಿಹೋಗಿತ್ತು. ಆ ವಾರ ಬಾತುಗಳು ಬಂದಿದ್ದವು, ಊರೆಲ್ಲ ಬೇಟೆಗೆ ಹೋಯಿತು, ನಾನು ಫೋನಿನ ಪಕ್ಕ ಕೂತಿದ್ದೆ. ಆಮೇಲೊಂದು ದಿನ, "ಬಂದಿದಾನೆ, ಮಲಗಿದಾನೆ, ಎಬ್ಬಿಸ್ಲಾ?" ಎಂದರು. ಬೇಡ ಎಂದೆ. ನೀನು ಎಲ್ಲಿಗೆ ಹೋಗಿದ್ದೆ, ಏನು ಮಾಡಿದೆ ಎಂದು ನಾನು ಕೇಳುವುದಿಲ್ಲ. ಕೇಳುವ ಮುಖ ನನಗಿಲ್ಲ.

ಇನ್ನು ನಡೆದದ್ದು. ಅವತ್ತು ವಿಮಾನದ ಹತ್ತಿರ ಟ್ರೆಂಟ್ ನಿನ್ನ ಚೀಟಿ ಓದಿ ಮುಗಿಸಿದಾಗ ಎಲ್ಲರೂ ನನ್ನ ಮುಖ ನೋಡಿದರು. ಪಾಪ, ಮೊಂಟಾನಾದವನು ಅವನು. ಭಾವ ಭಾವನಿಗೆ ಏನು ಬರೆಯುತ್ತಾನೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಆದರೆ ನಮ್ಮವರಿಗೆ ಗೊತ್ತಿತ್ತು. ನಾನು ನಗುತ್ತೇನೆ, ತಿರುಗಿ ನಿನಗೊಂದು ಹಾಕುತ್ತೇನೆ, ತಾವೆಲ್ಲ ನಕ್ಕು ಮನೆಗೆ ಹೋಗಬಹುದು ಎಂದು ಕಾದರು. ನಾನು ನಗಲಿಲ್ಲ, ಮಕಾರ. ಒಂದು ಗಳಿಗೆ ನಾನೂ ನಂಬಿಬಿಟ್ಟೆ. ಭಾವನೇ ನಗಲಿಲ್ಲ ಎಂದಮೇಲೆ ಊರು ಇನ್ನೇನು ಮಾಡೀತು? ನಿನ್ನನ್ನು ಸಿಕ್ಕಿಸಿದ್ದು ಆ ಪುಡಿಯಲ್ಲ, ಆ ಚೀಟಿಯಲ್ಲ, ನನ್ನ ಮುಖ. ಇದನ್ನು ನಾನು ಯಾರಿಗೂ ಹೇಳಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಒಬ್ಬಳಿಗೆ ಅದು ತಿಳಿದಿತ್ತು.

ಬೆತೆಲ್‌ನಿಂದ ಉತ್ತರ ಬಂತು. ಇಂಥ ಪುಡಿ ಪರೀಕ್ಷೆಗೆ ಬಂದದ್ದು ಇದೇ ಮೊದಲು, ಫಲಿತಾಂಶ ಚಳಿಗಾಲಕ್ಕೆ ಮುಂಚೆ ಸಿಗುವುದಿಲ್ಲ ಎಂದು. ನಿನ್ನೆಯ ಸಭೆಯಲ್ಲಿ ಟ್ರೆಂಟ್ ಅದನ್ನು ಓದಿ ಪ್ರಾಮಾಣಿಕವಾಗಿಯೇ ಹೇಳಿದ, "ನಿಜ ಹೇಳ್ಬೇಕಂದ್ರೆ ಆ ಪುಡೀನ ನಾನೂ ಕಂಡಿಲ್ಲ." ಮುದುಕ ವಾಸ್ಕ ತಲೆ ಕೆರೆದುಕೊಂಡು, "ಕಾಣದೇ ಇರೋದನ್ನ ನಿಷೇಧ ಮಾಡಿ ಕೂತಿದೀವಿ. ಈಗ ಕಂಡಿರೋದು ಅದೇನಾ ಅಂತ ಕಾಣದೇ ಇರೋರು ಹೇಳ್ಬೇಕು" ಎಂದ. ಆಮೇಲೆ ತುಂಬ ಹೊತ್ತು ಎಲ್ಲರೂ ಮಾತಾಡಿದರು. ವಾಷಿಂಗ್ಟನ್ ಒಪ್ಪಿದರೆ ನಮ್ಮ ನಿಷೇಧ ನಿಲ್ಲುತ್ತದೋ ಇಲ್ಲವೋ, ಹಿಟ್ಟು, ಸಕ್ಕರೆ, ಮಗುವಿನ ಹಾಲಿನ ಪುಡಿ ಎಲ್ಲವನ್ನೂ ಬಿಚ್ಚಿಸಬೇಕೋ ಹೇಗೆ ಎಂದೆಲ್ಲ. ನಾನು ನೆಲ ನೋಡುತ್ತ ಕೂತಿದ್ದೆ.

ಆಗ ಅಗಾಫಿಯಕ್ಕ ಎದ್ದಳು. "ಮಕಾರ್," ಎಂದಳು.

ನಿನ್ನ ಹೆಸರು, ಅವಳ ಬಾಯಲ್ಲಿ.

"ಮಕಾರ್ ಬಾಟ್ಲಿ ತಂದ ವಾರ ನಿಮಗೆ ನೆನಪಿದ್ಯಾ? ನಮ್ಮನೆ ಪಕ್ಕಾನೇ ಗಂಡಸರು ಹಬೆ ಸ್ನಾನಕ್ಕೆ ಕೂರೋ ಹಬೆಮನೆ. ದಿನಾ ಸಂಜೆ ಇವರಿಬ್ಬರ ಕಿತ್ತಾಟ ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡೀತಿತ್ತು. ಆ ವಾರ ಸದ್ದೇ ಇಲ್ಲ. ಹೊಟ್ಟೇಲಿ ಕಳ್ಳತನ ಇಟ್ಕೊಂಡು ಅವನ ಕೈಲಿ ಭಾವನ್ನ ಛೇಡಿಸೋಕಾಗ್ಲಿಲ್ಲ. ನಾನು ಅವತ್ತೇ ಎದ್ದು ಹೋಗಿ ಏನೋ ಅಂತ ಕೇಳಿದ್ರೆ ನನ್ನ ಮಗನ ಕಾಲು ಉಳೀತಿತ್ತು. ಕೇಳ್ಲಿಲ್ಲ. ಈಗ ಚೀಟಿ ಬರೆದು ಛೇಡಿಸ್ತಿದಾನೆ. ಅಂದ್ರೆ ಅವನ ಹೊಟ್ಟೇಲಿ ಏನೂ ಇಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ನಗ್ದೇ ಇದ್ದಿದ್ದು ಇವನು. ಇವನ ಹೊಟ್ಟೇಲಿ ಏನಿದೆ ಅಂತ ಕೇಳಿ."

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ನಾನು ಬಾಯಿ ತೆರೆಯುವ ಮೊದಲೇ ಅವಳು ಟ್ರೆಂಟನ ಮುಂದಿದ್ದ ಚೀಲ ಎಳೆದುಕೊಂಡು, ಎರಡು ಚಮಚ ಪುಡಿಯನ್ನು ಚಹಾದ ಲೋಟಕ್ಕೆ ಸುರಿದು ಕಲಸಿದಳು. "ಅಮ್ಮಾ, ಅದು ಸಾಕ್ಷ್ಯ!" ಎಂದು ಟ್ರೆಂಟ್ ಎದ್ದ. "ವಿಷ ಇದ್ರೆ ಏನ್ ಗತಿ?" ಎಂದು ವಾಸ್ಕ ಕೂಗಿದ. ಅಷ್ಟರಲ್ಲಿ ಗಟಗಟ ಕುಡಿದಾಗಿತ್ತು. ಹುಟ್ಟಿದಾಗಿನಿಂದ ಒಂದು ಹನಿ ಹೆಂಡ ಮುಟ್ಟದ ಹೆಂಗಸು, ಮಕಾರ. ಅದು ನಿಜಕ್ಕೂ ಆ ಪುಡಿಯೇ ಆಗಿದ್ದರೆ ಇಡೀ ಊರಿನ ಮುಂದೆ ಅವಳ ಮರ್ಯಾದೆ ಏನಾಗುತ್ತಿತ್ತು, ಯೋಚಿಸು.

ಎಲ್ಲರೂ ಅವಳನ್ನೇ ನೋಡುತ್ತ ಕೂತೆವು. ಕಣ್ಣು ಕೆಂಪಾಯಿತೇ, ನಾಲಗೆ ತೊದಲಿತೇ ಎಂದು ಟ್ರೆಂಟ್ ಕೈಗಡಿಯಾರ ನೋಡಿಕೊಳ್ಳುತ್ತ ಹತ್ತಿರ ಬಂದು ಬಗ್ಗಿದ. ಅವಳು ಹೆಣಿಗೆ ತೆಗೆದು ಹೆಣೆಯತೊಡಗಿದಳು. ನಡುವೆ ಒಮ್ಮೆ ತಲೆಯೆತ್ತಿ ವಾಸ್ಕನಿಗೆ ಅವನ ನಾಯಿಗಳು ಊರೆಲ್ಲ ಗಲೀಜು ಮಾಡುವ ಬಗ್ಗೆ ಬೈದಳು, ಟ್ರೆಂಟನಿಗೆ ಅವನ ಬೂಟಿನ ಕೆಸರಿನ ಬಗ್ಗೆ ಬೈದಳು, ನನಗೆ ಬೈಯಲು ಇನ್ನೂ ಹೊಸದೊಂದನ್ನು ಹುಡುಕಿದಳು. ಕೊನೆಗೆ ವಾಸ್ಕ, "ಇವಳಿಗೆ ಏರಿಲ್ಲ. ಏರಿದ್ರೆ ಒಬ್ಬರನ್ನಾದ್ರೂ ಹೊಗಳ್ತಿದ್ದಳು" ಎಂದ. ಮೊದಲು ನಕ್ಕವನು ಟ್ರೆಂಟ್. ಆಮೇಲೆ ಎಲ್ಲರೂ. ನಾನೂ ನಕ್ಕೆ, ಅಳುವೂ ಬಂತು, ಎರಡನ್ನೂ ಒಟ್ಟಿಗೇ ಮಾಡಿದೆ. ಎಂಥ ಹೊರೆ ಇಳಿಯಿತು ಎಂದು ನಿನಗೆ ಹೇಗೆ ಬರೆದು ತಿಳಿಸಲಿ!

ನಿನ್ನ ಪರವಾಗಿ ಮೊದಲು ಎದ್ದ ಕೈ ಅವಳದು. ಅದಾದ ಕೂಡಲೇ ಪುಡಿ ಹೆಂಡ ಕುಯ್ಗಾರಕ್‌ಗೆ ಯಾವ ಹೆಸರಿನಲ್ಲೂ ಬರಕೂಡದು ಎಂಬ ನಿರ್ಣಯಕ್ಕೂ ಅವಳೇ ಮೊದಲು ಕೈಯೆತ್ತಿದಳು. ನಿನ್ನ ಪತ್ರದ ಆ 'ಸಿಕ್ಕಿಬೀಳುತ್ತಲೇ ಇರಲಿಲ್ಲ' ಎಂಬ ಸಾಲನ್ನೇ ಮತ್ತೆ ಓದಿಸಿದರು, ಈ ಸಲ ಅದು ನಿನ್ನ ಪರವಾಗಿತ್ತು. ಹೆಂಡ ತಂದು ಮಾರಿದವನೇ ಹೇಳುತ್ತಿದ್ದಾನಲ್ಲ, ಇದು ಬಾಟಲಿಗಿಂತ ಕೆಟ್ಟದ್ದು ಎಂದು.

ಆ ಪುಡಿ ಏನೆಂದು ನಮಗೆ ಇನ್ನೂ ಗೊತ್ತಿಲ್ಲ. ಮಿಕ್ಕಿದ್ದನ್ನು ಅಮ್ಮ ಮನೆಗೆ ತಂದು ಬೆಳಿಗ್ಗೆಯಿಂದ ಮೂರು ಸಲ ಚಹಾ ಮಾಡಿಕೊಂಡಿದ್ದಾಳೆ. ಉಪವಾಸ ಮುಗಿದಿದೆ, ಹಾಲಿನ ಡಬ್ಬಿ ಎದುರಿಗೇ ಇದೆ, ಅದನ್ನು ಮುಟ್ಟುವುದಿಲ್ಲ. ಹೌದು, ಬಾಯಿ ಚಪ್ಪರಿಸಿದಳು.

ವಿಮಾನ ಇಳಿಯುವಲ್ಲಿಗೆ ಗಾಡಿ ತಾನೇ ತರುತ್ತೇನೆಂದು ಎವಾನ್ ಹೇಳಿದ್ದಾನೆ. ನಾನು ಬೇಡ ಎನ್ನಲಿಲ್ಲ.

ಈ ಕಾಗದದಲ್ಲಿ ನಿನ್ನನ್ನು ಛೇಡಿಸುವ ಸಾಲು ಬರೆದು ಬರೆದು ಹೊಡೆದುಹಾಕಿದ್ದೇನೆ. ಆ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ.

ಗೋಲ್ಗ


ಬೆತೆಲ್ ವಿಮಾನ ನಿಲ್ದಾಣ
ಮೇ 29, 2015

ಭಾವ,

ಮಂಜು ಮುಸುಕಿದೆ. ನಮ್ಮೂರಿನ ವಿಮಾನ ಯಾವಾಗ ಏಳುತ್ತದೋ ಪೈಲಟ್ಟಿಗೂ ಗೊತ್ತಿಲ್ಲ. ಈ ಕಾಗದವನ್ನು ಇಲ್ಲೇ ಟಪಾಲಿಗೆ ಹಾಕುತ್ತೇನೆ, ಇದೂ ನಾನೂ ಒಂದೇ ವಿಮಾನದಲ್ಲಿ ಬರುತ್ತೇವೆ. ಹುಚ್ಚು ಎನ್ನಬೇಡ. ಎದುರಿಗೆ ಸಿಕ್ಕರೆ ನಾನು ನಿನ್ನನ್ನು ಛೇಡಿಸಲೇಬೇಕು, ನೀನು ನನ್ನನ್ನು ಛೇಡಿಸಲೇಬೇಕು. ಆ ಗದ್ದಲದಲ್ಲಿ ಇದನ್ನು ಹೇಳಲು ಜಾಗ ಸಿಗುವುದಿಲ್ಲ. ಆದ್ದರಿಂದ ಬರೆದೇ ಕೊಡುತ್ತಿದ್ದೇನೆ.

ಆ ಅಂಗಡಿಗೆ ಹೋದೆ. ಬಾಟಲಿ ಕೊಂಡೆ. ಚಿಕ್ಕದು. ಮುಚ್ಚಳ ತೆಗೆಯಲಿಲ್ಲ, ಆದರೆ ಕೋಟಿನ ಒಳಗಿಟ್ಟುಕೊಂಡು ಕೆಲಸಕ್ಕೆ ಹೋದೆ. ಚಾದರ ಮಡಚುವಾಗ ಲಿಗಾಯ ಸುಮ್ಮನೆ ನನ್ನನ್ನು ನೋಡಿದಳು. ಅವಳೂ ಅಗಾಫಿಯಕ್ಕನ ಜಾತಿಯವಳೇ ಇರಬೇಕು. "ಇವತ್ಯಾಕೆ ನನ್ನ ಕೂದಲ ಬಗ್ಗೆ ಏನೂ ಅನ್ಲಿಲ್ಲ?" ಎಂದು ಕೇಳಿದಳು. ನಾನು ಕೋಟಿನಿಂದ ತೆಗೆದುಕೊಟ್ಟೆ. ಅವಳು ಅದನ್ನು ಮೋರಿಗೆ ಸುರಿದು, ನನ್ನ ಕೈ ಹಿಡಿದು ತನ್ನ ಮನೆಗೆ ಕರೆದುಕೊಂಡು ಹೋಗಿ, ಗಂಡನ ಪಕ್ಕ ಕೂರಿಸಿ ಅನ್ನದ ಗಂಜಿ ಹಾಕಿದಳು. ಫೋನಿನಲ್ಲಿ ನೀನು ಕೇಳಿದ ಆ ದಿನಗಳು ಅವು. ನಾನು ಅವರ ಸೋಫಾದ ಮೇಲೆ ಮಲಗಿದ್ದೆ. ಕುಡಿಯಲಿಲ್ಲ, ಭಾವ. ಅದೊಂದನ್ನು ನೀನು ನಂಬಬೇಕು.

ನೀನು ನಗಲಿಲ್ಲ ಎಂಬುದಕ್ಕೆ ನನಗೆ ಸಿಟ್ಟಿತ್ತು. ಈಗಿಲ್ಲ. ನನ್ನಂಥವನು ಕಳಿಸಿದ ಬಿಳಿ ಪುಡಿ ನೋಡಿ ನಿನಗೆ ಹೆದರಿಕೆಯಾಗದೆ ಇದ್ದಿದ್ದರೆ ಎವಾನನ ಪಾದಕ್ಕೆ ಬೆಲೆಯೇ ಇಲ್ಲ ಎಂದಾಗುತ್ತಿತ್ತು. ನನ್ನ ಚೀಲವನ್ನು ಅವನ ಎದುರಿಗೇ ಬಿಚ್ಚಿಸು. ಇವತ್ತೂ, ಮುಂದೆ ನಾನು ಎಲ್ಲಿಂದ ಬಂದರೂ.

ಪುಡಿ ತೆಂಗಿನಕಾಯಿ ಹಾಲಿನದು. ಹಾಲಿನ ಹಾಗಿದ್ದರೂ ಹಾಲಲ್ಲ, ಉಪವಾಸಕ್ಕೆ ನಡೆಯುತ್ತದೆ ಎಂದು ಲಿಗಾಯ ಹೇಳಿದಾಗ ಅತ್ತೆಯ ಮುಖ ಕಣ್ಣಿಗೆ ಕಟ್ಟಿತು. ಅಷ್ಟೇ ಕಥೆ.

ಪೈಲಟ್ ಕೈ ಬೀಸುತ್ತಿದ್ದಾನೆ. ಮಂಜು ಸರಿಯಿತು. ಟಪಾಲು ಚೀಲ ಮೊದಲು ಇಳಿಸುತ್ತಾರಲ್ಲ, ಈ ಕಾಗದ ತೆಗೆದುಕೊಂಡು ಆ ಕಡೆ ತಿರುಗಿ ಓದಿಕೋ. ಓದಿದ್ದರ ಬಗ್ಗೆ ಒಂದು ಮಾತೂ ಆಡಬೇಡ. ನಾನು ಎವಾನನ ಗಾಡಿಯ ಪಕ್ಕದಲ್ಲಿ ನಿಂತು ಕಾಯುತ್ತಿರುತ್ತೇನೆ, ನೀನು ಹತ್ತಿರ ಬಂದರೂ ಬಾಯಿ ತೆರೆಯುವುದಿಲ್ಲ. ನೀನು ನನ್ನನ್ನು ಏನಾದರೂ ಅನ್ನಬೇಕು, ಊರೆಲ್ಲ ಕೇಳುವ ಹಾಗೆ. ಆಮೇಲೆಯೇ ನಾನು ಊರಿಗೆ ಬಂದ ಲೆಕ್ಕ.

ಮಕಾರ್